ಜಿಮ್ಮಿ ಕಾರ್ಟರ್ ಅವರನ್ನು ನೌಕಾಧಿಕಾರಿಯಾಗಿ, ಗೃಹಸ್ಥರಾಗಿ ಹೇಗೆ ನೆನೆಯಬಹುದು?

ಅಮೆರಿಕದ ಅಧ್ಯಕ್ಷಗಿರಿಯನ್ನು ಬದಿಗಿಟ್ಟು ಕಾರ್ಟರ್ ಅವರ ನೌಕಾಪಡೆಯ ದಿನಗಳನ್ನೂ ಸಂಸಾರವನ್ನೂ ಕುರಿತು ನೀವು ಕೇಳಿದ್ದೀರಿ. ಇವೆರಡೂ ಪರಸ್ಪರ ಎದುರಾದದ್ದು 1953ರಲ್ಲಿ. ಆ ವರ್ಷವನ್ನು ಬಿಟ್ಟು ಅವರನ್ನು ನೆನೆದರೆ ನೆನಪು ಅರ್ಧವೇ ಆಗುತ್ತದೆಂದು ನನ್ನ ಎಣಿಕೆ.

ಜಾರ್ಜಿಯಾದ ಪ್ಲೇನ್ಸ್ ಎಂಬ ಪುಟ್ಟ ಊರಿನ ಕೃಷಿಕ ಮನೆತನದ ಅವರು 1946ರಲ್ಲಿ ಅನ್ನಾಪೊಲಿಸ್‌ನ ನೌಕಾ ಅಕಾಡೆಮಿಯಿಂದ ಪದವಿ ಪಡೆದು, ಅದೇ ಜುಲೈ 7ರಂದು ತಮ್ಮೂರಿನವರೇ ಆದ ರೋಸಲಿನ್ ಅವರನ್ನು ಮದುವೆಯಾದರು. ಮುಂದೆ ಜಲಾಂತರ್ಗಾಮಿ ವಿಭಾಗವನ್ನು ಸೇರಿ, ಕಟ್ಟುನಿಟ್ಟಿಗೆ ಹೆಸರಾಗಿದ್ದ ನೌಕಾಧಿಕಾರಿ ಹೈಮನ್ ರಿಕೋವರ್ ಅವರ ಪರಮಾಣು ಜಲಾಂತರ್ಗಾಮಿ ಯೋಜನೆಗೆ ಆಯ್ಕೆಯಾದರು. 1952ರ ಡಿಸೆಂಬರಿನಲ್ಲಿ ಕೆನಡಾದ ಚಾಕ್ ರಿವರ್‌ನಲ್ಲಿ ಪರಮಾಣು ರಿಯಾಕ್ಟರ್ ಕೆಟ್ಟಾಗ, ಅದನ್ನು ಬಿಚ್ಚಲು ಹೋದ ನೌಕಾ ತಂಡಕ್ಕೆ ಅವರೇ ಮುಂದಾಳು. ವಿಕಿರಣದ ದೆಸೆಯಿಂದ ಒಬ್ಬೊಬ್ಬರು ಒಳಗೆ ಸುಮಾರು ಒಂದೂವರೆ ನಿಮಿಷ ಮಾತ್ರ ಇರಬಹುದಾಗಿದ್ದುದರಿಂದ, ಹತ್ತಿರದ ಟೆನಿಸ್ ಅಂಕಣದಲ್ಲಿ ಅದರ ಮಾದರಿಯನ್ನು ಕಟ್ಟಿ, ಯಾವ ಬೋಲ್ಟನ್ನು ಯಾರು ಬಿಚ್ಚಬೇಕೆಂದು ತಾಲೀಮು ನಡೆಸಿಯೇ ಒಳಗಿಳಿದರು.

ಮರುವರ್ಷ ತಂದೆ ತೀರಿಕೊಂಡರು. ಹೊಲವನ್ನೂ ವ್ಯಾಪಾರವನ್ನೂ ನೋಡಿಕೊಳ್ಳಲು ನೌಕರಿ ಬಿಟ್ಟು ಊರಿಗೆ ಮರಳುವುದೆಂದು, ಹೆಂಡತಿಯನ್ನು ಒಂದು ಮಾತೂ ಕೇಳದೆ, ಕಾರ್ಟರ್ ತೀರ್ಮಾನಿಸಿದರು. ಊರಿನಾಚೆಯ ಸ್ವತಂತ್ರ ಬದುಕಿಗೆ ಒಗ್ಗಿಕೊಂಡಿದ್ದ ರೋಸಲಿನ್ ಅತ್ತರು, ವಾದಿಸಿದರು, ಮರಳುವ ದಾರಿಯಲ್ಲಿ ಗಂಡನೊಡನೆ ಮಾತು ಬಿಟ್ಟಂತೆಯೇ ಇದ್ದರು. (ತಂದೆಯ ಹೊಣೆ ಹೊತ್ತ ಹಿರಿಮಗನನ್ನು ನಮ್ಮಲ್ಲೂ ಹೊಗಳುತ್ತಾರೆ, ಸೊಸೆಯನ್ನು ಕೇಳುವವರು ಯಾರು?) ಮೂವರು ಗಂಡುಮಕ್ಕಳ ತಾಯಿಯ ಮೇಲೆ ಹೀಗೆ ಬದುಕನ್ನೇ ಹೇರಿದ್ದು ಸಂಸಾರನಿಷ್ಠೆಯೆಂದು ನಾನು ಹೇಳಲಾರೆ. ಹಾಗೆ ಮಾಡಬಾರದಿತ್ತೆಂದು ಕಾರ್ಟರ್ ಅವರೇ ಮುಂದೆ ಒಪ್ಪಿಕೊಂಡರು.

ಕಡಲೆಕಾಯಿ ವ್ಯಾಪಾರದ ಲೆಕ್ಕಪುಸ್ತಕ ರೋಸಲಿನ್ ಕೈಗೆ ಬಂದ ಮೇಲೆ ಅವರು ಸಮಪಾಲುದಾರರಾದರು. ಹಾಗೆಂದು ಜಗಳ ನಿಲ್ಲಲಿಲ್ಲ. 1980ರ ದಶಕದಲ್ಲಿ ಇಬ್ಬರೂ ಸೇರಿ ಪುಸ್ತಕ ಬರೆಯಲು ಕುಳಿತಾಗ ಮಾತು ಮುರಿದುಬೀಳುವಷ್ಟು ಕಿತ್ತಾಡಿ, ಒಮ್ಮತವಾಗದ ಭಾಗಗಳಿಗೆ ಅವರವರ ಹೆಸರಿನ ಮೊದಲಕ್ಷರವನ್ನು ಹಾಕಿ ಬಗೆಹರಿಸಿಕೊಂಡರು. ಇದು ನನಗೆ ಬಹಳ ಹಿಡಿಸಿದ ಸಂಗತಿ. ಅವರ ದಾಂಪತ್ಯ 77 ವರ್ಷ ಬಾಳಿತು. 2023ರ ನವೆಂಬರಿನಲ್ಲಿ ರೋಸಲಿನ್ ತೀರಿಕೊಂಡಾಗ, ತಿಂಗಳುಗಳಿಂದ ಅಂತಿಮ ಆರೈಕೆಯಲ್ಲಿದ್ದ ಕಾರ್ಟರ್ ಗಾಲಿಕುರ್ಚಿಯಲ್ಲಿ ಬಂದು ಸ್ಮರಣಸಭೆಯಲ್ಲಿ ಪಾಲ್ಗೊಂಡರು. 2024ರ ಡಿಸೆಂಬರ್ 29ರಂದು, ನೂರು ತುಂಬಿದ ಮೇಲೆ, ಅವರೂ ನಿಧನರಾದರು.

ನೌಕಾಪಡೆಯು ಅವರು ಬದುಕಿದ್ದಾಗಲೇ ಸೀವುಲ್ಫ್ ವರ್ಗದ ಜಲಾಂತರ್ಗಾಮಿಯೊಂದಕ್ಕೆ ಅವರ ಹೆಸರನ್ನಿಟ್ಟಿತು. 2004ರಲ್ಲಿ ಅದರ ನಾಮಕರಣವನ್ನು ನೆರವೇರಿಸಿದವರು, ನೌಕಾಪಡೆಯನ್ನು ಬಿಟ್ಟುಬರಲು ಒಪ್ಪದಿದ್ದ ರೋಸಲಿನ್.