ಹಳೆಯ ಟ್ರೇಲರು, ಹೊಸ ಪೊರಕೆ

ಮಾನ್ಯರೇ,

ಅಮೆರಿಕದ ರಿಯೊ ರಾಂಚೊದಲ್ಲಿ ಮನೆ ಮಾಡಿ ಇನ್ನೂ ವರ್ಷ ತುಂಬದ ನೀವು, ವಾಹನದ ಹಿಂದೆ ಕಟ್ಟಿ ಎಳೆದೊಯ್ಯುವ ಪುಟ್ಟ ಮನೆಯಂಥ, 2013ನೇ ಇಸವಿಯ, 24 ಅಡಿ ಉದ್ದದ ಟ್ರೇಲರೊಂದನ್ನು ಕೊಂಡಿರುವುದಾಗಿಯೂ, ಜೂನ್‌ನಲ್ಲಿ ದಾವಣಗೆರೆಯಿಂದ ಬರುವ ತಂದೆ ತಾಯಿಯರನ್ನು ಅದರಲ್ಲಿ ಗ್ರ್ಯಾಂಡ್ ಕ್ಯಾನಿಯನ್‌ಗೆ ಕರೆದೊಯ್ಯುವ ಆಸೆಯಿರುವುದಾಗಿಯೂ ಬರೆದಿದ್ದೀರಿ. ಒಳಗೆ ನೀರು ಹಾಕಿ ತೊಳೆಯಬಹುದೇ, ಟ್ಯಾಂಕಿನ ನೀರು ಕುಡಿಯಲು ಯೋಗ್ಯವೇ, ಹಿಂದಿನವರು ಮಾಂಸ ಬೇಯಿಸಿದ ಒಲೆಯನ್ನು ಏನು ಮಾಡುವುದು ಎಂದು ವಿವರವಾಗಿ ಕೇಳಿ, ಕೊನೆಗೆ ಒಂದೇ ಸಾಲಿನಲ್ಲಿ, ‘ಮಂಚದ ಕೆಳಗೆ ಸ್ವಲ್ಪ ಇಲಿ ಹಿಕ್ಕೆಯೂ ಇದೆ, ಗುಡಿಸಿದರೆ ಹೋಗುತ್ತದಲ್ಲವೇ?’ ಎಂದು ಸೇರಿಸಿದ್ದೀರಿ. ಆ ಕೊನೆಯ ಸಾಲನ್ನು ಓದಿ ಈ ರಾತ್ರಿಯೇ ಬರೆಯಲು ಕುಳಿತಿದ್ದೇನೆ. ದಯವಿಟ್ಟು ಗುಡಿಸಬೇಡಿ. ವ್ಯಾಕ್ಯೂಮ್ ಕ್ಲೀನರನ್ನೂ ಹಾಕಬೇಡಿ. ಕಾರಣವನ್ನು ಮುಂದೆ ಹೇಳುತ್ತೇನೆ.

ಮೊದಲು ನೀರಿನ ವಿಷಯ. 1999ರ ಜನವರಿಯಲ್ಲಿ ನಾವು ಆಲ್ಬುಕರ್ಕಿಗೆ ಬಂದಿಳಿದಾಗ, ಹಾಲುಕ್ಕಿಸುವ ಮುನ್ನ ಮನೆ ತೊಳೆಯಬೇಕೆಂದು ನನ್ನ ಹೆಂಡತಿ ಬಾಡಿಗೆ ಮನೆಯ ಅಡುಗೆಕೋಣೆಯಲ್ಲಿ ಒಂದು ಬಕೆಟ್ ನೀರು ಸುರಿದಳು. ಆ ನೀರಿಗೆ ಮೋರಿಯೆಂಬುದೇ ಇಲ್ಲವೆಂದು ನಮಗೆ ಹೊಳೆಯುವಷ್ಟರಲ್ಲಿ ಅದು ಕೆಳಗಿನ ಮನೆಯ ಸೂರಿನಿಂದ ತೊಟ್ಟಿಕ್ಕುತ್ತಿತ್ತು. ಟ್ರೇಲರಿಗೂ ಮೋರಿಯಿಲ್ಲ. ನೆಲದ ಹಾಸಿನ ಕೆಳಗಿರುವುದು ಬರೀ ಪ್ಲೈವುಡ್ಡಿನಂಥ ಹಲಗೆ. ಒಮ್ಮೆ ನೀರು ಕುಡಿದರೆ ಉಬ್ಬಿ, ಕ್ರಮೇಣ ಕೊಳೆಯುತ್ತದೆ. ಚೆನ್ನಾಗಿ ಹಿಂಡಿದ ಬಟ್ಟೆಯಲ್ಲಿ ಒರೆಸಿದರೆ ಸಾಕು. ಒರೆಸುವಾಗ ಮೂಲೆಗಳಲ್ಲಿ, ಕಿಟಕಿಗಳ ಕೆಳಗೆ ಹೆಬ್ಬೆರಳಿನಿಂದ ಒತ್ತಿ ನೋಡಿ. ಎಲ್ಲಾದರೂ ಮೆತ್ತಗಿದ್ದರೆ ಮೇಲಿನಿಂದ ಮಳೆನೀರು ಇಳಿದಿದೆಯೆಂದೇ ಅರ್ಥ. ಛಾವಣಿ ರಬ್ಬರಿನದಾಗಿದ್ದರೆ ಪೆಟ್ರೋಲಿಯಂ ಬೆರೆತ ಯಾವ ದ್ರಾವಣವನ್ನೂ ಅದಕ್ಕೆ ಸೋಕಿಸಬೇಡಿ.

ಕುಡಿಯುವ ನೀರಿನ ಟ್ಯಾಂಕಿಗೆ ಪ್ರತಿ 15 ಗ್ಯಾಲನ್‌ಗೆ ಕಾಲು ಕಪ್ಪಿನಂತೆ, ಸುವಾಸನೆ ಸೇರಿಸದ ಸಾದಾ ಬ್ಲೀಚನ್ನು ಮೊದಲು ಒಂದು ಕ್ಯಾನ್ ನೀರಿನಲ್ಲಿ ಕಲಸಿ ಸುರಿದು, ಟ್ಯಾಂಕ್ ತುಂಬಿಸಿ, ಪಂಪ್ ಹಾಕಿ, ಪ್ರತಿಯೊಂದು ನಲ್ಲಿಯಲ್ಲೂ ಬ್ಲೀಚಿನ ವಾಸನೆ ಬರುವ ತನಕ ಬಿಟ್ಟು, ರಾತ್ರಿಯಿಡೀ ಹಾಗೆಯೇ ಇರಿಸಿ, ಬೆಳಿಗ್ಗೆ ಖಾಲಿ ಮಾಡಿ, ವಾಸನೆ ಪೂರ್ತಿ ಹೋಗುವವರೆಗೆ ಹೊಸ ನೀರಿನಿಂದ ತೊಳೆಯಬೇಕು. ಅದಕ್ಕೆ ಮುನ್ನ ಗೀಜರನ್ನು ಆರಿಸಿ, ತಣಿದ ಮೇಲೆ ಅದರ ನೀರನ್ನು ಬಸಿದು, ನೀರು ಗೀಜರಿಗೆ ಹೋಗದಂತೆ ಬೈಪಾಸ್ ತಿರುಗಿಸಿ, ಫಿಲ್ಟರನ್ನು ಬಿಚ್ಚಿಡಿ. ಮೊದಲಿಗೆ ನಲ್ಲಿಯಲ್ಲಿ ಗುಲಾಬಿ ಬಣ್ಣದ ನೀರು ಬಂದರೆ ಗಾಬರಿಯಾಗಬೇಡಿ. ಚಳಿಗಾಲದಲ್ಲಿ ಕೊಳವೆ ಒಡೆಯದಂತೆ ಹಿಂದಿನವರು ತುಂಬಿಸಿಟ್ಟ ಆಂಟಿಫ್ರೀಜ್ ಅದು. ಇಷ್ಟೆಲ್ಲ ಮಾಡಿದ ಮೇಲೂ ಹೆತ್ತವರಿಗೆ ಕ್ಯಾನ್ ನೀರನ್ನೇ ಕುಡಿಸುವಿರಿ, ನಾನೂ ಅದನ್ನೇ ಮಾಡಿದ್ದೆ.

ಶೌಚದ ಟ್ಯಾಂಕನ್ನು, ಅದಕ್ಕೆಂದೇ ಇರುವ ಡಂಪ್ ಸ್ಟೇಷನ್‌ನಲ್ಲಲ್ಲದೆ ಬೇರೆಲ್ಲೂ ಖಾಲಿ ಮಾಡಕೂಡದು. ಉಳಿದದ್ದು ಒಮ್ಮೆ ಮಾಡಿದರೆ ತಾನಾಗಿ ತಿಳಿಯುತ್ತದೆ. ಒಲೆಯ ಬಗ್ಗೆ ನಾನು ಹೇಳುವುದೇನಿದೆ? ಸೋಡಾ ಪುಡಿ ಹಾಕಿ ಉಜ್ಜಿರಿ, ಪಾತ್ರೆಗಳನ್ನೆಲ್ಲ ಹೊಸದಾಗಿ ಕೊಳ್ಳಿರಿ, ಹಿಂದೆ ಅದರ ಮೇಲೆ ಏನು ಬೆಂದಿತ್ತೆಂಬ ಮಾತನ್ನೇ ಎತ್ತಬೇಡಿ.

ಇನ್ನು ಇಲಿ. ನೀವಿರುವುದು ನ್ಯೂ ಮೆಕ್ಸಿಕೊದಲ್ಲಿ. ಈ ರಾಜ್ಯವೂ ಅರಿಜೋನಾ, ಕೊಲೊರಾಡೊ, ಯೂಟಾ ರಾಜ್ಯಗಳೂ ಕೂಡುವ ಸೀಮೆಯಲ್ಲಿ 1993ರಲ್ಲಿ ಗಟ್ಟಿಮುಟ್ಟಾದ ಯುವಜನರು ಉಸಿರುಕಟ್ಟಿ ಸತ್ತಾಗ ಪತ್ತೆಯಾದದ್ದು ಹಂಟಾವೈರಸ್ಸಿನ ಈ ರೋಗ. ಕಂದು ಬೆನ್ನು, ಬಿಳಿ ಹೊಟ್ಟೆ, ದೊಡ್ಡ ಕಿವಿಗಳ ಡೀರ್ ಮೌಸ್ ಎಂಬ ಪುಟ್ಟ ಇಲಿಯ ಹಿಕ್ಕೆ, ಮೂತ್ರ, ಗೂಡುಗಳು ಒಣಗಿ, ಆ ಧೂಳು ಗಾಳಿಯಲ್ಲಿ ಎದ್ದಾಗ ವೈರಸ್ಸು ಉಸಿರಿನೊಂದಿಗೆ ಒಳಸೇರುತ್ತದೆ. ಇದಕ್ಕೆಂದೇ ಔಷಧವಿಲ್ಲ, ಉಸಿರಾಟದ ತೊಂದರೆಯ ಹಂತ ಮುಟ್ಟಿದವರಲ್ಲಿ ನೂರಕ್ಕೆ ಸುಮಾರು 38 ಮಂದಿ ಉಳಿಯುವುದಿಲ್ಲ. 2012ರಲ್ಲಿ ಯೊಸೆಮಿಟಿ ಉದ್ಯಾನದ ಡೇರೆಮನೆಗಳಲ್ಲಿ ತಂಗಿದವರಿಗೆ ಬಂದದ್ದೂ, 2025ರಲ್ಲಿ ಇಲ್ಲೇ ಸಾಂಟಾ ಫೆಯಲ್ಲಿ ನಟ ಜೀನ್ ಹ್ಯಾಕ್‌ಮನ್ ಅವರ ಪತ್ನಿ ಬೆಟ್ಸಿ ಅರಕಾವಾ ತೀರಿಕೊಂಡದ್ದೂ ಇದರಿಂದಲೇ.

ಹನ್ನೆರಡು ವರ್ಷ ಇಲ್ಲಿದ್ದ ನನಗೆ ಇದರ ಹೆಸರು ಗೊತ್ತಿತ್ತು, ಆದರೆ ಅದು ದೂರದ ಯಾರದೋ ಊರಿನ ರೋಗವೆಂದುಕೊಂಡಿದ್ದೆ. 2011ರಲ್ಲಿ ಸಾಂಡಿಯಾ ಬೆಟ್ಟದ ಆಚೆಯ ಹಳ್ಳಿಯೊಂದರಲ್ಲಿ ಮೂರು ವರ್ಷ ನಿಂತಲ್ಲೇ ನಿಂತಿದ್ದ ಟ್ರೇಲರನ್ನು ಕೊಂಡು ಮನೆಯ ಮುಂದೆ ತಂದು ನಿಲ್ಲಿಸಿದ ದಿನ, ಸೊರಬದ ಕಡೆಯ ನಮ್ಮ ಹಳ್ಳಿಯಿಂದ ಬಂದಿದ್ದ ಅಮ್ಮನಿಗೆ, ‘ನೀನು ಒಳಗೆ ಗುಡಿಸುತ್ತಿರು, ನಾನು ಮೇಲೆ ತೊಳೆಯುತ್ತೇನೆ’ ಎಂದು ನಾನೇ ಹೇಳಿ ಛಾವಣಿ ಹತ್ತಿದೆ. ಹೊಸ ಆಸ್ತಿಯ ನೆತ್ತಿಯ ಮೇಲೆ ನಿಂತು ಬೀದಿ ನೋಡುವ ಜಂಬವೂ ಇತ್ತೆಂದು ಒಪ್ಪಿಕೊಳ್ಳುತ್ತೇನೆ. ಅಮ್ಮ ಸೀರೆಯ ಸೆರಗು ಸಿಕ್ಕಿಸಿ, ಊರಿನಿಂದ ತಂದಿದ್ದ ಹುಲ್ಲಿನ ಪೊರಕೆಯಲ್ಲಿ ಮಂಚದ ಕೆಳಗಿನದನ್ನೆಲ್ಲ ಎಳೆದು, ಕಸವನ್ನು ಬಾಗಿಲಿನಿಂದ ಆಚೆಗೆ ತಳ್ಳುತ್ತಿದ್ದಳು. ಬಿಸಿಲಿನಲ್ಲಿ ಬಾಗಿಲಿನಿಂದ ಏಳುತ್ತಿದ್ದ ಧೂಳನ್ನು ಕಂಡು, ನಿವೃತ್ತ ನರ್ಸ್ ಆಗಿದ್ದ ಪಕ್ಕದ ಮನೆಯಾಕೆ ಕೂಗುತ್ತ ಓಡಿ ಬಂದು ವಿಷಯ ತಿಳಿಸಿದಾಗ, ನಾನು ಏಣಿಯಿಂದ ಇಳಿದವನೇ ಅಮ್ಮನ ಕೈಯಿಂದ ಪೊರಕೆ ಕಿತ್ತು ಜಲ್ಲಿಕಲ್ಲಿನ ಮೇಲೆ ಎಸೆದು, ಮಕ್ಕಳ ಮುಂದೆ, ಆ ಪರಕೀಯ ಹೆಂಗಸಿನ ಮುಂದೆ, ‘ನಿನಗೆ ಅಷ್ಟೂ ಗೊತ್ತಾಗುವುದಿಲ್ಲವಾ’ ಎಂದು ಚೀರಿದೆ. ನನಗೇ ಗೊತ್ತಿರದಿದ್ದುದನ್ನು ಅವಳಿಗೆ ಗೊತ್ತಿಲ್ಲವೆಂದು ಬೈದೆ.

ಸೋಂಕು ತಗುಲಿ ರೋಗ ಕಾಣಿಸಿಕೊಳ್ಳಲು ಒಂದರಿಂದ ಎಂಟು ವಾರ ಬೇಕೆಂದು ಓದಿ, ಎಂಟು ವಾರವೂ ಸಂಜೆ ಸಂಜೆ ಅವಳಿಗೆ ಥರ್ಮಾಮೀಟರ್ ಇಟ್ಟು ನೋಡಿದೆ. ಏನೂ ಆಗಲಿಲ್ಲ. ಯಾಕೆಂದು ಅವಳು ಕೇಳಿದ್ದು ಮೂರನೆಯ ದಿನ. 1957ರಲ್ಲಿ ನಮ್ಮ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು, ಜನರೂ ಸತ್ತಾಗ ಅವಳು ಹದಿನಾಲ್ಕರ ಹುಡುಗಿ. ಮಂಗ ಸತ್ತುಬಿದ್ದ ಕಾಡಿಗೆ ಸೌದೆಗೆ ಹೋಗಬಾರದೆಂದು ಯಾರೂ ಅವಳಿಗೆ ಎರಡು ಬಾರಿ ಹೇಳಬೇಕಿರಲಿಲ್ಲ. ‘ಇದು ಇಲ್ಲಿಯ ಮಂಗನ ಕಾಯಿಲೆ ಇದ್ದ ಹಾಗೆ, ಇಲಿಯಿಂದ ಬರುತ್ತದೆ’ ಎಂದೆ. ‘ಹಾಗಂತ ಮೊದಲೇ ಹೇಳೋದಲ್ಲವನೋ ಮಾರಾಯ’ ಎಂದಳು, ಅಷ್ಟೇ. ಆದರೆ ಹಿಂದಿರುಗಿ ಹೋಗುವವರೆಗಿನ ನಾಲ್ಕು ತಿಂಗಳು, ನಮ್ಮ ಮನೆಯ ಹಜಾರದಲ್ಲಿ ಪೊರಕೆ ಹಿಡಿಯುವ ಮುನ್ನವೂ ಬಾಗಿಲಲ್ಲಿ ನಿಂತು, ‘ಇಲ್ಲಿ ಗುಡಿಸಬಹುದೇನೋ?’ ಎಂದು ಕೇಳುತ್ತಿದ್ದಳು.

ಆದ್ದರಿಂದ ನೀವು ಈ ಕೆಲಸವನ್ನು ನಿಮ್ಮ ತಂದೆ ತಾಯಿಯರ ವಿಮಾನ ಇಳಿಯುವ ಮೊದಲೇ ಮುಗಿಸಿ. ಬಾಗಿಲು, ಕಿಟಕಿ, ಛಾವಣಿಯ ಗವಾಕ್ಷಿಗಳನ್ನೆಲ್ಲ ತೆರೆದಿಟ್ಟು ಅರ್ಧ ಗಂಟೆ ದೂರ ಇರಿ. ರಬ್ಬರ್ ಕೈಗವಸು ತೊಟ್ಟು, ಒಂದು ಪಾಲು ಬ್ಲೀಚಿಗೆ ಒಂಬತ್ತು ಪಾಲು ನೀರು ಬೆರೆಸಿ, ಹಿಕ್ಕೆ ತೊಯ್ದು ತೊಪ್ಪೆಯಾಗುವಂತೆ ಮೆಲ್ಲಗೆ ಸಿಂಪಡಿಸಿ, ಐದು ನಿಮಿಷ ಕಾದು, ಪೇಪರ್ ಟವೆಲಿನಿಂದ ಒರೆಸಿ ತೆಗೆದು, ಚೀಲದಲ್ಲಿ ಕಟ್ಟಿ ಎಸೆಯಿರಿ. ಆಮೇಲೆ ಇಡೀ ನೆಲವನ್ನು ಅದೇ ನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಒರೆಸಿ. ಬ್ಲೀಚಿಗೆ ವಿನೆಗರನ್ನಾಗಲಿ ಅಮೋನಿಯಾವನ್ನಾಗಲಿ ಎಂದಿಗೂ ಕೂಡಿಸಬೇಡಿ, ವಿಷಾನಿಲ ಏಳುತ್ತದೆ. ಮೂತ್ರ ಹಿಡಿದ ಹಾಸಿಗೆಯನ್ನು ಉಳಿಸಿಕೊಳ್ಳುವ ಲೋಭ ಬೇಡ. ಹೀಟರಿನ ಗೂಡಿನಲ್ಲಿ, ಒಲೆಯ ಕೆಳಗಿನ ಖಾನೆಯಲ್ಲಿ, ಸಿಂಕಿನ ಹಿಂದೆ ಟಾರ್ಚ್ ಬಿಟ್ಟು ನೋಡುವವರೆಗೆ ಹೀಟರ್ ಹಚ್ಚಬೇಡಿ. ಅದು ಗೂಡಿನ ಧೂಳನ್ನು ಮನೆ ತುಂಬ ಊದುತ್ತದೆ. ಕೊಳವೆಗಳು ನೆಲ ಕೊರೆದು ಒಳಬರುವ ಸಂದುಗಳೇ ಇಲಿಗೆ ದಾರಿ. ಅಲ್ಲಿ ಉಕ್ಕಿನ ನಾರು ತುರುಕಿ.

ಎಲ್ಲ ಮುಗಿದ ಮೇಲೆ ಒಂದು ಹೊಸ ಪೊರಕೆಯನ್ನು ಕೊಂಡು ಟ್ರೇಲರಿನ ಬಾಗಿಲ ಹಿಂದೆ ಇಟ್ಟಿರಿ, ನಿಮ್ಮ ತಾಯಿ ಮೊದಲು ಹುಡುಕುವುದು ಅದನ್ನೇ. ಛಾವಣಿ ನೋಡಲು ಏಣಿ ಬೇಕಾದರೆ ನನ್ನ ಬಳಿ ಇದೆ. ಬರುವ ಶನಿವಾರ ಬೆಳಿಗ್ಗೆ ತರುತ್ತೇನೆ.