ಗ್ಲಾಕೋಮಾ: ಮೊದಲ ಶಸ್ತ್ರಚಿಕಿತ್ಸೆ ಫಲಿಸದಿದ್ದಾಗ

ಪ್ರಶ್ನೆ: ನಮ್ಮ ತಂದೆಯವರಿಗೆ 62 ವರ್ಷ. ಗ್ಲಾಕೋಮಾಕ್ಕಾಗಿ (ಕಣ್ಣೊಳಗಿನ ಒತ್ತಡದಿಂದ ದೃಷ್ಟಿನರ ಹಾಳಾಗುವ ಕಾಯಿಲೆ) ಬಲಗಣ್ಣಿಗೆ ಟ್ರಾಬೆಕ್ಯುಲೆಕ್ಟಮಿ ಆಗಿತ್ತು. ಈಗ ಹನಿ ಔಷಧ ಹಾಕುತ್ತಿದ್ದರೂ ಕಣ್ಣಿನ ಒತ್ತಡ 28ರಷ್ಟು ಹೆಚ್ಚಾಗಿದೆ. ವೈದ್ಯರು ಟ್ಯೂಬ್ ಅಳವಡಿಸಬೇಕು ಎನ್ನುತ್ತಾರೆ. ಆಪರೇಷನ್ ಮಾಡಿಸಿ ಕೆಟ್ಟ ಕಣ್ಣಿಗೆ ಮತ್ತೊಂದು ಆಪರೇಷನ್ ಬೇಡವೆಂದು ತಂದೆಯವರು ಹಟ ಹಿಡಿದಿದ್ದಾರೆ. ಏನು ಮಾಡುವುದು?
– ಓದುಗರು, ಆಳಂದ, ಕಲಬುರಗಿ ಜಿಲ್ಲೆ

ಉತ್ತರ: ಕೆಟ್ಟಿರುವುದು ಕಣ್ಣಲ್ಲ, ಆಗ ಮಾಡಿದ್ದ ದಾರಿ ಮುಚ್ಚಿಕೊಂಡಿದೆ ಎಂದು ತಂದೆಯವರಿಗೆ ದಯವಿಟ್ಟು ತಿಳಿಸಿ ಹೇಳಿ. ಟ್ರಾಬೆಕ್ಯುಲೆಕ್ಟಮಿಯಲ್ಲಿ ಕಣ್ಣೊಳಗಿನ ದ್ರವ ಹೊರಹರಿಯಲೆಂದು ಬಿಳಿಭಾಗದಲ್ಲಿ ಮಾಡಿದ ಕಿಂಡಿಯನ್ನು ದೇಹವು ಗಾಯವೆಂದೇ ತಿಳಿದು ಮಾಯಿಸಿಬಿಡುವುದುಂಟು; ಅಲ್ಲಿ ಕಲೆ ಗಟ್ಟಿಯಾದಂತೆ ಒತ್ತಡ ಮತ್ತೆ ಏರುತ್ತದೆ. ಇದು ರೋಗಿಯ ತಪ್ಪಲ್ಲ.

ಕಲೆ ಇನ್ನೂ ಎಳೆಯದಾಗಿದ್ದರೆ ಸೂಜಿಯಿಂದ ಬಿಡಿಸಿ, ಕಲೆಗಟ್ಟುವುದನ್ನು ತಡೆಯುವ ಮೈಟೋಮೈಸಿನ್‌ನಂಥ ಔಷಧ ಕೊಟ್ಟು ನೋಡಬಹುದು. ಅದು ಸಾಲದಿದ್ದರೆ ಟ್ರಾಬೆಕ್ಯುಲೆಕ್ಟಮಿಯನ್ನು ಇನ್ನೊಂದು ಜಾಗದಲ್ಲಿ ಮಾಡಬಹುದು, ಇಲ್ಲವೇ ದ್ರವವನ್ನು ಹೊರಹರಿಸುವ ಸಣ್ಣ ನಳಿಕೆಯನ್ನು, ಅಂದರೆ ಟ್ಯೂಬ್ ಅನ್ನು, ಅಳವಡಿಸಬಹುದು. ಹಿಂದೆ ಪೊರೆಯ ಅಥವಾ ಗ್ಲಾಕೋಮಾದ ಶಸ್ತ್ರಚಿಕಿತ್ಸೆಯಾಗಿದ್ದ ಕಣ್ಣುಗಳಲ್ಲಿ ಇವೆರಡನ್ನೂ ಹೋಲಿಸಿದ, 2012ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಐದು ವರ್ಷಗಳಲ್ಲಿ ಟ್ಯೂಬ್ ವಿಫಲವಾದದ್ದು ಸುಮಾರು ಶೇ. 30ರಷ್ಟು, ಟ್ರಾಬೆಕ್ಯುಲೆಕ್ಟಮಿ ವಿಫಲವಾದದ್ದು ಸುಮಾರು ಶೇ. 47ರಷ್ಟು. ಆದ್ದರಿಂದ ನಿಮ್ಮ ವೈದ್ಯರ ಸಲಹೆ ಸರಿಯಾದದ್ದೆಂದೇ ನನಗೆ ತೋರುತ್ತದೆ.

ಟ್ಯೂಬ್‌ಗಳಲ್ಲಿ ಕವಾಟವಿರುವ ಅಹ್ಮದ್ ವಾಲ್ವ್ ಒಂದು. ಮಧುರೈನ ಅರೋಲ್ಯಾಬ್ ತಯಾರಿಸುವ, ಕವಾಟವಿಲ್ಲದ, ಕಡಿಮೆ ಬೆಲೆಯ ಸಾಧನ ಇನ್ನೊಂದು. ಎರಡನೆಯದರಲ್ಲಿ ನಳಿಕೆಯನ್ನು ಕರಗುವ ದಾರದಿಂದ ಕಟ್ಟಿರುವುದರಿಂದ, ಅದು ತೆರೆದುಕೊಳ್ಳುವ ಐದಾರು ವಾರಗಳ ತನಕ ಒತ್ತಡ ಇಳಿಯದೆ ಇರಬಹುದು. ಇದನ್ನು ಕಂಡು ಎರಡನೆಯ ಶಸ್ತ್ರಚಿಕಿತ್ಸೆಯೂ ವ್ಯರ್ಥವಾಯಿತೆಂದು ಹನಿ ಔಷಧ ನಿಲ್ಲಿಸಬಾರದು. ಕಾರ್ನಿಯಾಕ್ಕೆ (ಕಣ್ಣಿನ ಮುಂಭಾಗದ ಪಾರದರ್ಶಕ ಪದರಕ್ಕೆ) ಹಾನಿ, ಎರಡೆರಡಾಗಿ ಕಾಣುವುದು, ನಳಿಕೆ ಹೊರಗೆ ತೆರೆದುಕೊಳ್ಳುವುದು ಇವೆಲ್ಲ ಸಂಭವಿಸಬಹುದಾದ ತೊಂದರೆಗಳು. ಒಪ್ಪಿಗೆ ಕೊಡುವ ಮುನ್ನ ಕೇಳಿ ತಿಳಿದುಕೊಳ್ಳಿ.

ಹೈದರಾಬಾದಿಗೋ ಸೊಲ್ಲಾಪುರಕ್ಕೋ ಹೋಗಿ ಮಾಡಿಸುವುದಾದರೆ, ನಂತರದ ವಾರಗಳ ತಪಾಸಣೆ ಕಲಬುರಗಿಯಲ್ಲೇ ಯಾರ ಬಳಿ ಎಂಬುದನ್ನು ಮೊದಲೇ ಗೊತ್ತುಮಾಡಿಕೊಳ್ಳಿ, ಏಕೆಂದರೆ ಪ್ರಯಾಣದ ಬೇಸರಕ್ಕೆ ತಪಾಸಣೆ ತಪ್ಪಿಸಿದರೆ ಒಳ್ಳೆಯ ಶಸ್ತ್ರಚಿಕಿತ್ಸೆಯೂ ಕೈಕೊಡುತ್ತದೆ. ಹಳೆಯ ದೃಷ್ಟಿಕ್ಷೇತ್ರ ಪರೀಕ್ಷೆಯ (ಸುತ್ತಲೂ ಎಷ್ಟು ಕಾಣುತ್ತದೆಂದು ನೋಡುವ ಪರೀಕ್ಷೆಯ) ವರದಿಗಳನ್ನೂ ಕೊಂಡೊಯ್ಯಿರಿ.

ಹೋದ ದೃಷ್ಟಿ ಇದರಿಂದ ಮರಳುವುದಿಲ್ಲ. ಉಳಿದದ್ದನ್ನು ಕಾಯಲು ಈ ಚಿಕಿತ್ಸೆ. ಆದ್ದರಿಂದ ತೀರ್ಮಾನವನ್ನು ತಿಂಗಳುಗಟ್ಟಲೆ ಮುಂದೂಡಬೇಡಿ. ನಡುವೆ ಕಣ್ಣು ಕೆಂಪಾಗಿ ನೋವು, ಕೀವು ಅಥವಾ ಮಂಜು ಕಂಡರೆ ಹಳೆಯ ಶಸ್ತ್ರಚಿಕಿತ್ಸೆಯ ಜಾಗಕ್ಕೆ ಸೋಂಕು ತಗುಲಿರಬಹುದು. ಅದೇ ದಿನ ಕಣ್ಣಿನ ವೈದ್ಯರನ್ನು ಕಾಣಿರಿ. ಈ ಕಾಯಿಲೆ ಮನೆತನದಲ್ಲಿ ಬರುವಂಥದ್ದಾದ್ದರಿಂದ ನೀವೂ ನಿಮ್ಮ ಒಡಹುಟ್ಟಿದವರೂ ಕಣ್ಣಿನ ಒತ್ತಡ ಮತ್ತು ನರದ ಪರೀಕ್ಷೆ ಮಾಡಿಸಿಕೊಳ್ಳಿ.