ಅಮೆರಿಕದಲ್ಲಿ ಸಂಬಳ ಕಡಿಮೆ ಇರುವವರಿಗೆ ಹ್ಯಾಬಿಟಾಟ್ ಫಾರ್ ಹ್ಯುಮಾನಿಟಿ ಸಂಸ್ಥೆಯವರು ಪುಕ್ಕಟೆ ಮನೆ ಕಟ್ಟಿಕೊಡುತ್ತಾರಂತೆ. ಅರ್ಜಿ ಹಾಕೋಣವೋ, ಐದು ವರ್ಷ ದುಡ್ಡು ಕೂಡಿಟ್ಟು ಬ್ಯಾಂಕ್ ಸಾಲ ತಗೊಳ್ಳೋಣವೋ?

ಪುಕ್ಕಟೆ ಅಲ್ಲ. ಮೊದಲು ಆ ಮಾತು ತಲೆಯಿಂದ ತೆಗೆಯಿರಿ. "ದಾನದ ಮನೆ ನಮಗೆ ಬೇಡ" ಅಂತ ನಿಮ್ಮ ಮನೆಯವರು ಹೇಳುತ್ತಿದ್ದಾರೆ ಅಂತ ಬರೆದಿದ್ದೀರಲ್ಲ, ನನ್ನ ಹೆಂಡತಿ ಹೇಳಿದ್ದೂ ಅದೇ. ಈಗ ಆ ಮನೆಯ ಕಂತನ್ನು ಪ್ರತಿ ತಿಂಗಳು ಒಂದನೇ ತಾರೀಕು ಅವಳೇ ಕಟ್ಟುತ್ತಾಳೆ, ನನ್ನ ಕೈಗೆ ಬಿಡುವುದಿಲ್ಲ.

ನಾವು ತಿಪಟೂರಿನ ಕಡೆಯವರು. ಅಕ್ಕ ಹಾಕಿದ ಅರ್ಜಿ ಮೇಲೆ ಹದಿಮೂರು ವರ್ಷ ಕಾದು, ಗ್ರೀನ್ ಕಾರ್ಡ್ ಸಿಕ್ಕಿ ಜಾರ್ಜಿಯಾಕ್ಕೆ ಬಂದಾಗ ನನಗೆ 41. ಇಲ್ಲಿರೋ ಕನ್ನಡದವರೆಲ್ಲ ಸಾಫ್ಟ್‌ವೇರ್ ಅಂತ ಊರಲ್ಲಿ ಅಂದುಕೊಂಡಿದ್ದಾರೆ. ನಾನು ಗೋದಾಮಿನಲ್ಲಿ ರಾತ್ರಿ ಪಾಳಿ, ಅವಳು ಶಾಲೆಯ ಅಡುಗೆಮನೆಯಲ್ಲಿ. ಇಬ್ಬರದೂ ಸೇರಿ ತಿಂಗಳಿಗೆ 3,400 ಡಾಲರ್. ನಿಮ್ಮ ಲೆಕ್ಕವೂ ಹೆಚ್ಚುಕಮ್ಮಿ ಇಷ್ಟೇ ಇದೆ.

ಜಿಮ್ಮಿ ಕಾರ್ಟರ್ ಸ್ಥಾಪಿಸಿದ ಸಂಸ್ಥೆ ಅಂತಲೂ ಬರೆದಿದ್ದೀರಿ. ಅಲ್ಲ. 1976ರಲ್ಲಿ ಜಾರ್ಜಿಯಾದ ಅಮೆರಿಕಸ್ ಅನ್ನೋ ಊರಲ್ಲಿ ಮಿಲರ್ಡ್ ಮತ್ತು ಲಿಂಡಾ ಫುಲ್ಲರ್ ದಂಪತಿ ಶುರುಮಾಡಿದ್ದು. ಕಾರ್ಟರ್ ಪಕ್ಕದ ಪ್ಲೇನ್ಸ್ ಊರಿನವರು, 1984ರಲ್ಲಿ ನ್ಯೂಯಾರ್ಕಿನಲ್ಲಿ ಹೆಂಡತಿ ಜೊತೆ ಕೆಲಸಕ್ಕಿಳಿದರು. 2006ರಲ್ಲಿ ನಮ್ಮ ಲೋಣಾವಳ ಹತ್ತಿರವೂ ಬಂದು ಮನೆ ಕಟ್ಟಿಹೋದರು. ಮಾಜಿ ಅಧ್ಯಕ್ಷರು ಸುತ್ತಿಗೆ ಹಿಡಿದ ಫೋಟೋ ನೋಡಿ ಎಲ್ಲರೂ ಸ್ವಯಂಸೇವಕರ ಬಗ್ಗೆಯೇ ಮಾತಾಡುತ್ತಾರೆ. ಅವರಿಂದ ಕೂಲಿ ಖರ್ಚು ಇಳಿಯುತ್ತದೆ, ನಿಜ. ಆದರೆ ನಮ್ಮಂಥವರನ್ನು ಉಳಿಸುವುದು ಸಾಲದ ಶರತ್ತು. ನಮ್ಮ ಊರಿನ ಶಾಖೆಯಲ್ಲಿ ಬಡ್ಡಿ ಸೊನ್ನೆ. ಕೆಲವು ಕಡೆ ಅಲ್ಪಸ್ವಲ್ಪ ಬಡ್ಡಿ ಇರುತ್ತದೆ, ವಿಚಾರಿಸಿಕೊಳ್ಳಿ. 1,80,000 ಡಾಲರನ್ನು 30 ವರ್ಷಕ್ಕೆ ಹಂಚಿದರೆ ತಿಂಗಳಿಗೆ 500. ಅದೇ ಸಾಲ ನೂರಕ್ಕೆ 7ರ ಬಡ್ಡಿಯಲ್ಲಿ ಬ್ಯಾಂಕಿನಿಂದ ತಂದರೆ ಹತ್ತಿರಹತ್ತಿರ 1,200. ನಾನು ಕಟ್ಟುವ ಕಂತು ಇನ್ನೊಬ್ಬರ ಮನೆಗೆ ಬಂಡವಾಳವಾಗುತ್ತದೆ. ಇದರಲ್ಲಿ ದಾನ ಎಲ್ಲಿ ಬಂತು?

ಜೊತೆಗೆ ಮೈಗೆಲಸ. ಸ್ವೆಟ್ ಈಕ್ವಿಟಿ ಅನ್ನುತ್ತಾರೆ. ನಮಗೆ 300 ಗಂಟೆ ಬಿತ್ತು. ಹೆಂಡತಿ ಒಂದಷ್ಟನ್ನು ಅವರ ರೀಸ್ಟೋರ್ ಅಂಗಡಿಯಲ್ಲಿ ಹಳೇ ಬಾಗಿಲು, ಸಿಂಕು ಜೋಡಿಸಿ ತೀರಿಸಿದಳು. ನಾನು ರಾತ್ರಿ ಪಾಳಿ ಮುಗಿಸಿ ಶನಿವಾರ ಬೆಳಗ್ಗೆ ನೇರ ಸೈಟಿಗೆ. ಮೊದಲ ದಿನ ಹತ್ತು ಮೊಳೆ ಹೊಡೆದರೆ ಏಳು ಸೊಟ್ಟ. ಅಂಚೆ ಕಚೇರಿಯಿಂದ ನಿವೃತ್ತರಾದ ಒಬ್ಬ ಅಜ್ಜ ಬಂದು ನನ್ನ ಕೈಯನ್ನು ಹಿಡಿಯ ತುದಿಗೆ ಸರಿಸಿ, ಸುತ್ತಿಗೆಯ ಕುತ್ತಿಗೆ ಹಿಸುಕಬೇಡ, ಅದರ ಭಾರಕ್ಕೇ ಬೀಳಲಿ ಅಂದರು. ಗೋಡೆಯ ಚೌಕಟ್ಟನ್ನು ನೆಲದ ಮೇಲೆ ಮಲಗಿಸಿ ಕಟ್ಟಿ, ಎಂಟು ಹತ್ತು ಜನ ಒಟ್ಟಿಗೆ ಎತ್ತಿ ನಿಲ್ಲಿಸುತ್ತಾರೆ. ತೇರು ಎಳೆದ ಹಾಗೇ ಅನ್ನಿಸಿತ್ತು ನನಗೆ. ಒಳಗೆ ಗೋಡೆ ಮುಚ್ಚುವ ಡ್ರೈವಾಲ್ ಹಲಗೆ ಹೊಡೆಯುವ ಮುಂಚೆ ಮರದ ಕಂಬಗಳ ಮೇಲೆ ಎಲ್ಲರೂ ಹಾರೈಕೆ ಬರೆಯುವ ರೂಢಿ. ಅವರು ಬೈಬಲ್ ವಾಕ್ಯ ಬರೆದರು. ನಾನು ಅಡುಗೆಮನೆಯ ಮೂಲೆ ಕಂಬಕ್ಕೆ ದೊಡ್ಡದಾಗಿ "ಶ್ರೀ" ಅಂತ ಬರೆದೆ.

ಆ ಮನೆ ನಮಗೆ ಸಿಗಲಿಲ್ಲ.

ನಮ್ಮ ಅರ್ಜಿ ಒಪ್ಪಿಗೆಯಾಗಿದ್ದು 2018ರ ಮಾರ್ಚಿನಲ್ಲಿ, ಕ್ಲೋಸಿಂಗ್, ಅಂದರೆ ಕಾಗದಕ್ಕೆ ಸಹಿ ಹಾಕಿ ಮನೆ ನಮ್ಮ ಹೆಸರಿಗೆ ಆಗುವ ದಿನ, ಇದ್ದದ್ದು 2019ರ ಜನವರಿಗೆ. ನಡುವೆ ಅಕ್ಟೋಬರಿನಲ್ಲಿ ಅಕ್ಕನ ಮಗನಿಗೆ ಕೆಲಸ ಸಿಕ್ಕಿತು, ಕಾರು ಬೇಕು, ಕ್ರೆಡಿಟ್ ಇಲ್ಲ, ಅಂದರೆ ಹಿಂದೆ ಸಾಲ ತೀರಿಸಿದ ದಾಖಲೆ ಇಲ್ಲ. "ಮಾವ, ಒಂದು ಸೈನ್ ಅಷ್ಟೇ." ನಮ್ಮನ್ನು ಅಮೆರಿಕಕ್ಕೆ ಕರೆಸಿಕೊಂಡ ಅಕ್ಕನ ಮಗ. ಇಲ್ಲ ಅನ್ನಲು ಬಾಯಿ ಬರುತ್ತದೆಯೇ? ಊರಿನ ಸೊಸೈಟಿಯಲ್ಲಿ ನಮ್ಮಪ್ಪ ಎಷ್ಟೋ ಜನರಿಗೆ ಜಾಮೀನು ನಿಂತಿದ್ದರು. ಸಾಲ ಮಾಡಿದವನು ಕೈಕೊಟ್ಟರೆ ಮಾತ್ರ ನಮ್ಮ ಮನೆಗೆ ನೋಟಿಸು, ಇಲ್ಲದಿದ್ದರೆ ಏನೂ ಇಲ್ಲ. ಇಲ್ಲಿಯೂ ಹಾಗೇ ಅಂದುಕೊಂಡೆ.

ಇಲ್ಲಿ ಹಾಗಲ್ಲ. ಕೋಸೈನ್ ಮಾಡಿದರೆ, ಅಂದರೆ ಇನ್ನೊಬ್ಬರ ಸಾಲಕ್ಕೆ ಜೊತೆಗೆ ಸಹಿ ಹಾಕಿದರೆ, ಆ ಪೂರ್ತಿ ಸಾಲ ನಿಮ್ಮ ಕ್ರೆಡಿಟ್ ರಿಪೋರ್ಟಿನಲ್ಲೂ ನಿಮ್ಮದೇ ಸಾಲ ಅಂತ ಕೂರುತ್ತದೆ. ಹುಡುಗ ಒಂದು ಕಂತೂ ತಪ್ಪಿಸಲಿಲ್ಲ, ಅವನನ್ನು ಬೈಯುವ ಹಾಗೂ ಇಲ್ಲ. ಕ್ಲೋಸಿಂಗ್‌ಗೆ ಮುಂಚೆ ಕ್ರೆಡಿಟ್ ಇನ್ನೊಂದು ಸಲ ನೋಡುತ್ತಾರೆ. ಮನೆಯದು ತೆರಿಗೆ, ವಿಮೆ ಸೇರಿ 850, ನನ್ನ ಹಳೇ ಕಾರಿನದು 210. ಒಟ್ಟು 1,060, ಅಂದರೆ ವರಮಾನದಲ್ಲಿ ನೂರಕ್ಕೆ 31. ಅವನ ಕಾರಿನ 486 ಸೇರಿ 1,546 ಆಯಿತು, ನೂರಕ್ಕೆ 45 ದಾಟಿತು. ಅವರ ಮಿತಿ 43, ಅಂದರೆ 1,462. ಬರೀ 84 ಡಾಲರಿಗೆ ಮನೆ ಹೋಯಿತು. ಮನೆ ಕೊಳ್ಳುವವರಿಗೆ ಸಂಸ್ಥೆಯವರು ನಡೆಸುವ ತರಗತಿಯಲ್ಲಿ ಮೇಡಂ "ಕ್ಲೋಸಿಂಗ್ ಆಗುವ ತನಕ ಹೊಸ ಸಾಲ ಬೇಡ" ಅಂತ ಮೂರು ಸಲ ಹೇಳಿದ್ದರು. ನಾನೇನು ಸಾಲ ಮಾಡಿದ್ದೆನೇ, ಸೈನ್ ತಾನೇ ಹಾಕಿದ್ದು ಅಂತ ನನ್ನ ಬುದ್ಧಿ. ಒಂದು ಫೋನ್ ಮಾಡಿ ಕೇಳಿದ್ದರೆ ಮುಗಿಯುತ್ತಿತ್ತು.

ಕಾರಿನ ಕಂತು ಹುಡುಗನ ಖಾತೆಯಿಂದಲೇ ಹೋಗುತ್ತಿದೆ ಅಂತ 12 ತಿಂಗಳ ದಾಖಲೆ ತೋರಿಸಿದ ಮೇಲೆ ಆ ಸಾಲವನ್ನು ಲೆಕ್ಕದಿಂದ ಬಿಟ್ಟರು. ಗಂಟೆಗಳು ಜಮೆಯಲ್ಲೇ ಇದ್ದವು. ಆಮೇಲೆ ನಮಗೆ ಸಿಕ್ಕ ಎರಡನೇ ಮನೆಗೆ ಅಕ್ಕನ ಮಗನೂ ಬಂದು ನಮ್ಮ ಲೆಕ್ಕದಲ್ಲಿ 40 ಗಂಟೆ ದುಡಿದ, ಯಾರೂ ಕರೆದಿರಲಿಲ್ಲ. ಅಷ್ಟರಲ್ಲಿ ಬಾಡಿಗೆ 1,150ರಿಂದ 1,320ಕ್ಕೆ ಏರಿತ್ತು. ಅದಕ್ಕೇ ನಿಮ್ಮ ಐದು ವರ್ಷದ ಉಳಿತಾಯದ ಯೋಜನೆ ನನಗೆ ಒಪ್ಪಿಗೆಯಿಲ್ಲ. ಈ ಸಂಬಳದಲ್ಲಿ ಬಾಡಿಗೆ ಕಟ್ಟಿ ಉಳಿಸುತ್ತೀರಾ? ನಾನು ಪ್ರಯತ್ನಪಟ್ಟವನು, ನಾಲ್ಕು ವರ್ಷಕ್ಕೆ ಉಳಿದದ್ದು ಒಂದು ಹಲ್ಲಿನ ಚಿಕಿತ್ಸೆಗೆ ಹೋಯಿತು.

ಹೌದು, ಅಡ್ಡಿ ಇದೆ. ಮನೆಯ ಮಾರುಕಟ್ಟೆ ಬೆಲೆಗೂ ನಿಮ್ಮ ಸಾಲಕ್ಕೂ ಇರುವ ಅಂತರವನ್ನು ನಮ್ಮ ಶಾಖೆಯವರು ಎರಡನೇ ಸಾಲ ಅಂತ ಬರೆಸಿಕೊಳ್ಳುತ್ತಾರೆ. ಅದಕ್ಕೆ ಕಂತಿಲ್ಲ, ವರ್ಷ ಕಳೆದ ಹಾಗೆ ಮನ್ನಾ ಆಗುತ್ತದೆ, ಆದರೆ ಬೇಗ ಮಾರಿ ಲಾಭ ಹೊಡೆಯಲು ಆಗುವುದಿಲ್ಲ. ಹೊಡೆಯುವ ಯೋಚನೆ ಇದ್ದರೆ ಅರ್ಜಿ ಹಾಕಬೇಡಿ.

ಇಲ್ಲದಿದ್ದರೆ ಈ ವಾರವೇ ಹಾಕಿ. ಅದಕ್ಕೂ ಮುಂಚೆ, ಯಾರಿಗಾದರೂ ಎಲ್ಲಾದರೂ ಸೈನ್ ಹಾಕಿದ್ದೀರಾ ಅಂತ ನಿಮ್ಮ ಮನೆಯವರನ್ನೂ ಕೇಳಿ. ಹಾಂ, ಸೈಟಿಗೆ ಚಪ್ಪಲಿ ಹಾಕಿಕೊಂಡು ಹೋಗಬೇಡಿ, ಮೊದಲ ಶನಿವಾರ ನನ್ನನ್ನು ಗೇಟಿನಿಂದಲೇ ವಾಪಸ್ ಕಳಿಸಿದ್ದರು.